ಪ್ಲಗ್ ಪಾಯಿಂಟಿಗೆ ಕ್ಯಾಪ್ ಹಾಕಿದರೆ ಸಾಕೇ?

ಪ್ರಶ್ನೆ: ನಾವು ದಾವಣಗೆರೆಯಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಹನ್ನೊಂದು ತಿಂಗಳ ಮಗಳು ಅಂಬೆಗಾಲಿಡುತ್ತಾಳೆ, ಗೋಡೆ ಹಿಡಿದು ನಿಲ್ಲುತ್ತಾಳೆ. ಟಿ.ವಿ. ಹತ್ತಿರ, ಮಂಚದ ಎರಡೂ ಬದಿ, ಊಟದ ಮೇಜಿನ ಪಕ್ಕ, ಎಲ್ಲ ಕಡೆ ಪ್ಲಗ್ ಪಾಯಿಂಟುಗಳು ನೆಲದಿಂದ ಒಂದಡಿ ಎತ್ತರದಲ್ಲಿವೆ. ಆನ್‌ಲೈನಿನಲ್ಲಿ ಪ್ಲಾಸ್ಟಿಕ್ ಕ್ಯಾಪ್ ತರಿಸಿದೆ. ಕೆಲವು ತೂತಿಗೆ ಹೋಗುವುದೇ ಇಲ್ಲ, ಕೆಲವಕ್ಕೆ ಸಡಿಲ. ಅತ್ತೆ ಗಮ್ ಟೇಪ್ ಅಂಟಿಸಿದ್ದಾರೆ. ಮಾವ, "ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು, ಮಕ್ಕಳು ಬೆಳೆಯಲಿಲ್ಲವೇ" ಅನ್ನುತ್ತಾರೆ. ಮನೆ ಮಾಲೀಕರು ಗೋಡೆ ಒಡೆಯಲು ಬಿಡುವುದಿಲ್ಲ. ಏನು ಮಾಡಲಿ?

ಉತ್ತರ: ಮೊದಲು ನಿಮ್ಮ ಮಾವನವರ ಮಾತು. ಅವರು ಹೇಳಿದ್ದು ಸುಳ್ಳಲ್ಲ. ಅವರ ಕಾಲದ ಮನೆಯಲ್ಲಿ ಮರದ ಬೋರ್ಡು, ಅದರ ಮೇಲೆ ಕರಿ ಸ್ವಿಚ್ಚುಗಳು, ಎಲ್ಲವೂ ದೊಡ್ಡವರ ಎದೆಮಟ್ಟಕ್ಕೋ ಭುಜದ ಮಟ್ಟಕ್ಕೋ ಇರುತ್ತಿದ್ದವು. ಪ್ಲಗ್ ಪಾಯಿಂಟ್ ಅಂದರೆ ಇಡೀ ಮನೆಗೆ ಒಂದೋ ಎರಡೋ, ರೇಡಿಯೋಗೆ, ಇಸ್ತ್ರಿ ಪೆಟ್ಟಿಗೆಗೆ. ಮಗುವಿನ ಕೈ ಅಲ್ಲಿಗೆ ಎಟುಕುವ ಹೊತ್ತಿಗೆ ಅದು ಮೂರನೇ ಕ್ಲಾಸು ದಾಟಿರುತ್ತಿತ್ತು. ಆಮೇಲೆ ಟಿ.ವಿ. ಬಂತು, ಫ್ರಿಜ್ ಬಂತು, ತಲೆದಿಂಬಿನ ಪಕ್ಕಕ್ಕೆ ಮೊಬೈಲ್ ಬಂತು. "ವೈರು ಕಣ್ಣಿಗೆ ಕಾಣಬಾರದು" ಎಂದು ಮನೆ ಕಟ್ಟಿಸುವವರು ಹೇಳಿದರು, ನನ್ನಂಥ ಕಂಟ್ರಾಕ್ಟರುಗಳು ಪಾಯಿಂಟನ್ನು ನಾಲ್ಕಡಿ ಕೆಳಕ್ಕಿಳಿಸಿದೆವು. ಮಕ್ಕಳು ಬದಲಾಗಿಲ್ಲ. ಬೋರ್ಡು ಕೆಳಗೆ ಬಂದಿದೆ. ಮಾವನವರಿಗೆ ಇಷ್ಟು ಹೇಳಿ, ಒಪ್ಪುತ್ತಾರೆ.

ಈಗ ಕ್ಯಾಪಿನ ವಿಷಯ. ಅವು ಹೊಂದದೇ ಇರುವುದಕ್ಕೆ ನೀವು ಕಾರಣವಲ್ಲ. ನಮ್ಮ ಸಾಕೆಟ್ಟು ಬ್ರಿಟಿಷರು ತಾವೇ ಯಾವತ್ತೋ ಬಿಟ್ಟ ಹಳೆಯ ದುಂಡು ಪಿನ್ನಿನ ಮಾದರಿಯಿಂದ ಬಂದದ್ದು. ಈಗ ಅದಕ್ಕೆ ನಮ್ಮದೇ ಐಎಸ್ 1293 ಎಂಬ ಮಾನದಂಡ ಇದೆ. 6 ಆಂಪಿಯರಿನ ಚಿಕ್ಕ ಸಾಕೆಟ್ಟಿಗೆ ಸುಮಾರು 5 ಮಿಲಿಮೀಟರ್ ದಪ್ಪದ ಪಿನ್ನು, ಗೀಸರ್, ಎ.ಸಿ.ಗೆ ಹಾಕುವ 16 ಆಂಪಿಯರಿನದಕ್ಕೆ ಸುಮಾರು 7 ಮಿಲಿಮೀಟರಿನದು. ಮೇಲಿನ ಅರ್ಥ್ ಪಿನ್ನು ಎರಡರಲ್ಲೂ ಇನ್ನೂ ದಪ್ಪ, ಇನ್ನೂ ಉದ್ದ. ಇದರ ಜೊತೆಗೆ ಎರಡು ಪಿನ್ನು, ಮೂರು ಪಿನ್ನು ಎರಡೂ ಕೂರುವ ಐದು ತೂತಿನ ಸಾಕೆಟ್ಟುಗಳಿವೆ, ಯಾವ ದೇಶದ ಪ್ಲಗ್ಗಾದರೂ ನುಂಗುವ ಅಗಲ ಬಾಯಿಯವೂ ಇವೆ. ಆನ್‌ಲೈನಿನಲ್ಲಿ ಬರುವ ಕ್ಯಾಪುಗಳಲ್ಲಿ ಎಷ್ಟೋ ಅಮೆರಿಕದ ಚಪ್ಪಟೆ ಪಿನ್ನಿಗೋ ಯುರೋಪಿನ ಎರಡು ಪಿನ್ನಿಗೋ ಮಾಡಿದಂಥವು. ನಮ್ಮ ಗೋಡೆಗೆ ಹೊಂದದಿರುವುದು ಸಹಜ.

ಹೊಂದಿದರೂ ನನಗೆ ಅವುಗಳ ಮೇಲೆ ಅಷ್ಟು ಭರವಸೆ ಇಲ್ಲ. ಒಳ್ಳೆಯ ಸಾಕೆಟ್ಟಿನ ಒಳಗೇ ಒಂದು ಬಾಗಿಲು ಇರುತ್ತದೆ. ಶಟರ್ ಅನ್ನುತ್ತೇವೆ. ಕೆಳಗಿನ ಎರಡು ತೂತುಗಳ ಹಿಂದೆ ಬಿಳಿ ಪ್ಲಾಸ್ಟಿಕ್ ತಡೆ, ಅದರ ಹಿಂದೆ ಹಿತ್ತಾಳೆಯ ಕ್ಲಿಪ್ಪು. ಉದ್ದದ ಅರ್ಥ್ ಪಿನ್ನು ಮೊದಲು ಒಳಹೋಗಿ ತಡೆಯನ್ನು ಸರಿಸಿದ ಮೇಲಷ್ಟೇ ಉಳಿದೆರಡು ಪಿನ್ನುಗಳಿಗೆ ದಾರಿ. ಎರಡು ಪಿನ್ನಿನ ತೂತುಗಳಲ್ಲಿ ಎರಡೂ ಕಡೆ ಒಟ್ಟಿಗೆ ಒತ್ತಿದರೆ ಮಾತ್ರ ಸರಿಯುವ ಶಟರು ಇರುತ್ತದೆ. ಮಗು ಒಂದೇ ತೂತಿಗೆ ಏನನ್ನೋ ತುರುಕಿದರೆ ಅದು ತೆರೆಯುವುದಿಲ್ಲ. ಈಗ ಮೂರು ಕೊಂಬಿನ ಕ್ಯಾಪೊಂದನ್ನು ಇದರೊಳಗೆ ತಳ್ಳಿದರೆ ಏನಾಯಿತು? ಮುಚ್ಚಿಕೊಂಡಿದ್ದ ಬಾಗಿಲನ್ನು ನೀವೇ ತೆರೆದು, ಮುಂದೆ ಒಂದು ಪರದೆ ಕಟ್ಟಿದಂತಾಯಿತು. ಕ್ಯಾಪಿನ ಕೊಂಬು ಮುರಿದು ಅರ್ಥ್ ತೂತಿನಲ್ಲೇ ಉಳಿದರೆ ಶಟರು ತೆರೆದೇ ಇರುತ್ತದೆ. ಇದೇ ಕಾರಣಕ್ಕೆ ಬ್ರಿಟನ್ನಿನ ಆರೋಗ್ಯ ಇಲಾಖೆ 2016ರಲ್ಲಿ ತನ್ನ ಆಸ್ಪತ್ರೆಗಳಲ್ಲಿದ್ದ ಇಂಥ ಕ್ಯಾಪುಗಳನ್ನು ತೆಗೆಸಿತು. ಅಲ್ಲಿನ ಸಾಕೆಟ್ಟುಗಳಿಗೆಲ್ಲ ಶಟರ್ ಇರುವುದರಿಂದ ಕ್ಯಾಪು ಉಪಕಾರಕ್ಕಿಂತ ಅಪಾಯವೇ ಹೆಚ್ಚು ಎಂಬ ಲೆಕ್ಕ. ಅಮೆರಿಕದ ವಿದ್ಯುತ್ ಸಂಹಿತೆಯೂ 2008ರಿಂದ ಹೊಸ ಮನೆಗಳಿಗೆ ಶಟರ್ ಇರುವ ಸಾಕೆಟ್ಟನ್ನೇ ಕೇಳುತ್ತಿದೆ. ಅಲ್ಲಿರುವ ಮಗನ ಮನೆಗೆ ಬಾಣಂತನಕ್ಕೆ ಹೋಗಿ ಬಂದವರು "ಅವರ ಪ್ಲಗ್ಗು ತಳ್ಳಿದರೂ ಹೋಗಲ್ಲ, ಬಿಗಿ" ಅನ್ನುವುದು ಈ ಶಟರಿನ ಬಗ್ಗೆಯೇ.

ಹಾಗಾಗಿ ಮೊದಲ ಕೆಲಸ, ಒಂದು ಟಾರ್ಚ್ ಹಿಡಿದು ಮನೆಯ ಒಂದೊಂದು ಸಾಕೆಟ್ಟನ್ನೂ ನೋಡುವುದು. ಕೆಳಗಿನ ತೂತುಗಳಲ್ಲಿ ಬಿಳಿ ಪ್ಲಾಸ್ಟಿಕ್ ಕಂಡರೆ ಶಟರ್ ಇದೆ. ಹಿತ್ತಾಳೆ ಹೊಳೆದರೆ ಇಲ್ಲ. ಸುಮ್ಮನೆ ನೋಡಿ, ಏನನ್ನೂ ತೂರಿಸಬೇಡಿ. ಶಟರ್ ಇರುವುದಕ್ಕೆ ಕ್ಯಾಪು ಬೇಡ. ಇಲ್ಲದ್ದನ್ನು ಬದಲಿಸಿ, ಇದಕ್ಕೆ ಗೋಡೆ ಒಡೆಯುವ ಮಾತೇ ಇಲ್ಲ. ನಿಮ್ಮದು ಈಚಿನ ಮಾಡ್ಯುಲರ್ ಬೋರ್ಡಾದರೆ ಅದೇ ಕಂಪನಿಯ ಶಟರ್ ಸಾಕೆಟ್ಟು ಅದೇ ಜಾಗಕ್ಕೆ ಕ್ಲಿಪ್ಪಾಗಿ ಕೂರುತ್ತದೆ. ಐಎಸ್‌ಐ ಗುರುತು ನೋಡಿ ತನ್ನಿ. ಮೇನ್ ಆಫ್ ಮಾಡಿ ಕೆಲಸ ಮಾಡುವ ಎಲೆಕ್ಟ್ರಿಷಿಯನ್ನಿಗೆ ಒಂದು ಪಾಯಿಂಟಿಗೆ ಹತ್ತು ನಿಮಿಷ ಸಾಕು. ದೊಡ್ಡ ತೂತಿನ 16 ಆಂಪಿಯರಿನದನ್ನು ಮೊದಲು ಮಾಡಿಸಿ.

ಬಳಸದೇ ಇರುವ ಪಾಯಿಂಟಿಗೆ ಇನ್ನೂ ಸುಲಭದ ದಾರಿ ಇದೆ. ಸಾಕೆಟ್ಟನ್ನೇ ತೆಗೆಸಿ, ವೈರಿನ ತುದಿಗಳನ್ನು ಕನೆಕ್ಟರಿನಲ್ಲಿ ಭದ್ರ ಮಾಡಿಸಿ, ಖಾಲಿ ಜಾಗಕ್ಕೆ ಬ್ಲ್ಯಾಂಕ್ ಪ್ಲೇಟ್ ಹಾಕಿಸಿ. ಮಂಚದ ಎರಡೂ ಬದಿಗೆ ಪಾಯಿಂಟ್ ಬೇಕೇ? ಒಂದನ್ನು ಮೂರು ವರ್ಷ ಮುಚ್ಚಿ. ಮನೆ ಬಿಡುವಾಗ ಹಳೆಯ ಸಾಕೆಟ್ಟನ್ನೇ ವಾಪಸ್ ಕೂರಿಸಬಹುದು, ಮಾಲೀಕರೂ ತಕರಾರು ತೆಗೆಯುವುದಿಲ್ಲ.

ಅತ್ತೆಯವರ ಟೇಪನ್ನು ಈ ಭಾನುವಾರದವರೆಗೆ ಇಟ್ಟುಕೊಳ್ಳಿ, ಏನೂ ಇಲ್ಲದ್ದಕ್ಕಿಂತ ವಾಸಿ. ಆದರೆ ನಮ್ಮ ಬಿಸಿಲಿಗೆ ಅದರ ಅಂಟು ಒಣಗಿ ಅಂಚು ಏಳುತ್ತದೆ. ಎದ್ದ ಅಂಚು ಕಂಡ ಮಗು ಅದನ್ನು ಕೀಳದೇ ಬಿಡುವುದುಂಟೇ?

ಮಗುವಿನ ಬೆರಳೇ ತೂತಿನೊಳಗೆ ಹೋಗುತ್ತದೆ ಎಂಬ ಭಯ ಎಲ್ಲರಿಗೂ. 5 ಮಿಲಿಮೀಟರಿನ ತೂತಿನಲ್ಲಿ ಬೆರಳು ಕ್ಲಿಪ್ಪಿನವರೆಗೆ ತಲುಪುವುದು ಕಷ್ಟ. ತಲುಪುವುದು ಹೇರ್‌ಪಿನ್ನು, ಸೇಫ್ಟಿ ಪಿನ್ನು, ಬೀಗದ ಕೈ, ಚಮಚದ ಹಿಡಿ, ಕಿತ್ತುಬಂದ ಮೊಳೆ, ಜೊಲ್ಲಿನಲ್ಲಿ ನೆಂದ ಊದುಬತ್ತಿ ಕಡ್ಡಿ. ನನ್ನ ಮಗಳು ಎರಡು ವರ್ಷದವಳಿದ್ದಾಗ ನನ್ನ ಚೀಲದಿಂದ ಟೆಸ್ಟರ್ ಎತ್ತಿಕೊಂಡು ಹಾಲಿನ ಸಾಕೆಟ್ಟಿನ ಮುಂದೆ ಕೂತಿದ್ದಳು. ಟೆಸ್ಟರನ್ನು ನಾನು ಹಿಡಿಯುವ ಹಾಗೇ ತೋರುಬೆರಳನ್ನು ತುದಿಗೆ ಒತ್ತಿ ಹಿಡಿದಿದ್ದಳು! ಅವಳಿಗೆ ಅದು ಅಪ್ಪನ ಕೆಲಸ. ಆ ದಿನ ಏನೂ ಆಗಲಿಲ್ಲ, ನಾನು ಹಿಂದೆಯೇ ಇದ್ದೆ. ಮಕ್ಕಳು ಕುತೂಹಲಕ್ಕೆ ತುರುಕುವುದಕ್ಕಿಂತ ನಾವು ಮಾಡಿದ್ದನ್ನು ಮಾಡಲು ಹೋಗುವುದೇ ಹೆಚ್ಚು ಎಂದು ನನಗೆ ಅನ್ನಿಸಿದ್ದು ಅಲ್ಲಿಂದ. ನಮ್ಮ ಮನೆಗಳಲ್ಲಿ ಇನ್ನೊಂದು ಅಭ್ಯಾಸ ನೋಡಿ. ಎರಡು ಪಿನ್ನಿನ ಚಾರ್ಜರು ಮೂರು ತೂತಿನ ಸಾಕೆಟ್ಟಿಗೆ ಹೋಗದಿದ್ದಾಗ ಪೆನ್ನಿನ ತುದಿಯನ್ನು ಮೇಲಿನ ತೂತಿಗೆ ಒತ್ತಿ, ಶಟರ್ ಸರಿಸಿ, ಕೆಳಗೆ ಚಾರ್ಜರ್ ತಳ್ಳುತ್ತೇವೆ. ಮಗು ಪಕ್ಕದಲ್ಲಿ ಕೂತು ನೋಡುತ್ತಿರುತ್ತದೆ. ಶಟರ್ ತೆರೆಯುವ ಗುಟ್ಟನ್ನು ಕಲಿಸಿಕೊಡುತ್ತಿರುವವರು ನಾವೇ. ಎರಡು ಪಿನ್ನಿನದಕ್ಕೆ ಐದು ತೂತಿನ ಸಾಕೆಟ್ಟನ್ನೇ ಹಾಕಿಸಿಕೊಂಡು ಈ ಚಾಳಿ ಬಿಡಿ.

ಇಷ್ಟು ಮಾಡಿದರೂ ನನ್ನ ದೃಷ್ಟಿಯಲ್ಲಿ ಅರ್ಧ ಕೆಲಸವೇ ಆಗಿರುವುದು. ಮಗು ತೂತನ್ನು ಬಿಟ್ಟು ಸವೆದ ವೈರನ್ನು ಕಚ್ಚಬಹುದು, ಅರ್ಥಿಂಗ್ ಇಲ್ಲದ ಗ್ರೈಂಡರಿನ ಮೈ ಮುಟ್ಟಬಹುದು. ಅದಕ್ಕೆ ಉತ್ತರ ಬಹುಮಟ್ಟಿಗೆ ಮೇನ್ ಬೋರ್ಡಿನಲ್ಲಿದೆ. ನಿಮ್ಮ ಮನೆಯ ಡಿ.ಬಿ., ಅಂದರೆ ಮೇನ್ ಸ್ವಿಚ್ಚುಗಳ ಡಬ್ಬಿಯ, ಬಾಗಿಲು ತೆರೆದು ನೋಡಿ. ಸಾಲಾಗಿ ಚಿಕ್ಕ ಎಂಸಿಬಿಗಳು, ಅಂದರೆ ಕರೆಂಟು ಮಿತಿ ಮೀರಿದರೆ ತಾವಾಗಿ ಬೀಳುವ ಸ್ವಿಚ್ಚುಗಳು, ಇರುತ್ತವೆ. ಅವುಗಳ ಜೊತೆ 'ಟಿ' ಅಥವಾ 'ಟೆಸ್ಟ್' ಎಂದು ಬರೆದ ಗುಂಡಿ ಇರುವ ಅಗಲದ ಸ್ವಿಚ್ಚೊಂದು ಇದೆಯೇ? ಅದರ ಮೇಲೆ 30 ಎಂಎ ಅಥವಾ 0.03 ಎ ಎಂದು ಇದೆಯೇ? ಅದು ಆರ್‌ಸಿಸಿಬಿ. ನಮ್ಮ ಕಡೆ ಇನ್ನೂ ಇಎಲ್‌ಸಿಬಿ ಎಂದೇ ಕರೆಯುತ್ತಾರೆ.

"ಎಂಸಿಬಿ ಇದೆಯಲ್ಲ ಸಾರ್, ಶಾಕ್ ಹೊಡೆದರೆ ಬಿದ್ದುಹೋಗುತ್ತದೆ" ಅನ್ನುವವರು ಬಹಳ. ಬೀಳುವುದಿಲ್ಲ. 16 ಆಂಪಿಯರಿನ ಎಂಸಿಬಿ ಅಷ್ಟು ಕರೆಂಟನ್ನು ದಿನವಿಡೀ ಹರಿಯಬಿಡುತ್ತದೆ. ಅದು ಕಾಯುವುದು ವೈರನ್ನು, ಮನುಷ್ಯರನ್ನಲ್ಲ. ಒದ್ದೆ ಕೈಯ ಮಗುವಿನ ಮೈಯಲ್ಲಿ ನಮ್ಮ 230 ವೋಲ್ಟು ಹರಿಸುವ ಕರೆಂಟು ಹೆಚ್ಚೆಂದರೆ ಆಂಪಿಯರಿನ ಕಾಲು ಭಾಗದ ಆಸುಪಾಸು. ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ, ಹೃದಯ ನಿಲ್ಲಿಸಲು ಅದು ಧಾರಾಳ ಸಾಕು. ಆರ್‌ಸಿಸಿಬಿ ಮಾಡುವ ಕೆಲಸವೇ ಬೇರೆ. ಶಾಲಾ ಪ್ರವಾಸದಲ್ಲಿ ಬಸ್ಸಿಳಿಯುವಾಗೊಮ್ಮೆ ಹತ್ತುವಾಗೊಮ್ಮೆ ಮಕ್ಕಳ ತಲೆ ಎಣಿಸುವ ಮೇಷ್ಟ್ರಂತೆ, ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲಿನಲ್ಲಿ ಪೂರ್ತಿ ವಾಪಸ್ ಬಂತೇ ಎಂದು ಅದು ಕ್ಷಣಕ್ಷಣವೂ ಎಣಿಸುತ್ತಿರುತ್ತದೆ. 30 ಮಿಲಿಆಂಪಿಯರ್, ಅಂದರೆ ಒಂದು ಆಂಪಿಯರಿನ ನೂರರಲ್ಲಿ ಮೂರು ಭಾಗ, ಬೇರೆ ದಾರಿ ಹಿಡಿದು ನೆಲಕ್ಕೆ ಹೋಯಿತು ಎಂದರೆ ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಕಟ್ ಮಾಡುತ್ತದೆ. ಸೋರಿಕೆ ಅದರ ಐದು ಪಟ್ಟಾದರೆ ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗದಲ್ಲಿ. ಶಾಕ್ ತಗಲುತ್ತದೆ, ಮಗು ಬೆಚ್ಚಿ ಅಳುತ್ತದೆ, ಆದರೆ ಕರೆಂಟು ಅದನ್ನು ಹಿಡಿದುಕೊಂಡಿರುವುದಿಲ್ಲ.

ಕೊಳ್ಳುವಾಗ 30 ಎಂಎ ಎಂದೇ ಕೇಳಿ. 100, 300 ಎಂಎ ಇರುವವೂ ಅದೇ ಆಕಾರದಲ್ಲಿ ಸಿಗುತ್ತವೆ, 300ರದು ಬೆಂಕಿ ತಡೆಗೆ, ಜೀವರಕ್ಷಣೆಗಲ್ಲ. ಒಂದು ಫೇಸಿನ ಮನೆಗೆ ಎರಡು ಪೋಲಿನದು ಸಾಕು. ಎಲೆಕ್ಟ್ರಿಷಿಯನ್ ಕೂಲಿ ಸೇರಿ ಎರಡು ಮೂರು ಸಾವಿರದ ಬಾಬತ್ತು. ಬಾಡಿಗೆ ಮನೆಗೆ ನಾವೇಕೆ ಹಾಕಿಸಬೇಕು ಎಂದು ನಿಮ್ಮ ಯಜಮಾನರು ಕೇಳಬಹುದು. ಮಾಲೀಕರಿಗೆ ಒಂದು ಮಾತು ಹೇಳಿ ಹಾಕಿಸಿ, ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಿ. ವೈರ್‌ಮನ್ ಪರ್ಮಿಟ್ ಇರುವವರನ್ನೇ ಕರೆಸಿ. ಹಾಕಿದ ಮೇಲೆ ತಿಂಗಳಿಗೊಮ್ಮೆ ಆ ಟೆಸ್ಟ್ ಗುಂಡಿ ಒತ್ತಿ. ಟಪ್ ಎಂದು ಬೀಳಬೇಕು. ಬೀಳದಿದ್ದರೆ ಅದು ಗೋಡೆಯ ಅಲಂಕಾರ ಅಷ್ಟೇ, ಬದಲಿಸಿ.

ಹಾಕಿದ ವಾರದಲ್ಲೇ ಅದು ಪದೇ ಪದೇ ಬೀಳತೊಡಗಿದರೆ ಕೆಲವರು ಅದನ್ನು ತಪ್ಪಿಸಿ ನೇರ ಲೈನ್ ಕೊಟ್ಟುಬಿಡುತ್ತಾರೆ. ಒಪ್ಪಬೇಡಿ. ಬೀಳುತ್ತಿದೆ ಎಂದರೆ ಎಲ್ಲೋ ಸೋರುತ್ತಿದೆ. ಎಲ್ಲ ಪ್ಲಗ್ಗು ಕಿತ್ತು, ಒಂದೊಂದೇ ಹಾಕುತ್ತಾ ಹೋದರೆ ಸಾಮಾನ್ಯವಾಗಿ ಗೀಸರಿನ ಕಾಯಿಲ್ಲೋ ಹಳೆಯ ಗ್ರೈಂಡರೋ ಸಿಕ್ಕಿಬೀಳುತ್ತದೆ. ಎರಡೂ ನಿರಪರಾಧಿಗಳಾದರೆ ಇನ್ವರ್ಟರಿನ ನ್ಯೂಟ್ರಲನ್ನು ತಪ್ಪು ಕಡೆ ಸೇರಿಸಿರುತ್ತಾರೆ.

ಇನ್ವರ್ಟರ್ ಅಂದ ಕೂಡಲೇ ನೆನಪಾಯಿತು. ಮೇನ್ ಬೋರ್ಡಿನ ಆರ್‌ಸಿಸಿಬಿ ಇರುವುದು ಇನ್ವರ್ಟರಿಗಿಂತ ಮೊದಲು. ಕರೆಂಟು ಹೋದಾಗ ನಿಮ್ಮ ಟಿ.ವಿ. ಪಾಯಿಂಟಿಗೆ 230 ವೋಲ್ಟು ಬರುವುದು ಅದರ ಆಚೆಯಿಂದ. ಆ ಹೊತ್ತಿಗೆ ಮೇನಿನಲ್ಲಿ ಕೂತ ಮೇಷ್ಟ್ರಿಗೆ ಈ ಮಕ್ಕಳು ಕಾಣುವುದೇ ಇಲ್ಲ. "ಕರೆಂಟಿಲ್ಲ, ಆಡಿಕೊಳ್ಳಲಿ ಬಿಡು" ಎಂದು ಮಗುವನ್ನು ಬೋರ್ಡಿನ ಹತ್ತಿರ ಬಿಡುವ ಮನೆಗಳನ್ನು ನಾನು ಕಂಡಿದ್ದೇನೆ. ಇನ್ವರ್ಟರ್ ಲೈನಿಗೆ ಬೇರೆ ಆರ್‌ಸಿಸಿಬಿ ಹಾಕಿಸಬಹುದು, ಆದರೆ ಅದು ಕೆಲಸ ಮಾಡುವುದು ನ್ಯೂಟ್ರಲಿನ ಜೋಡಣೆ ಸರಿಯಿದ್ದಾಗ ಮಾತ್ರ, ಆದ್ದರಿಂದ ಇನ್ವರ್ಟರ್ ಬಲ್ಲವರಿಂದಲೇ ಮಾಡಿಸಿ. ಅದಕ್ಕಿಂತ ಸುಲಭ, ಕೆಳಮಟ್ಟದ ಪ್ಲಗ್ಗುಗಳನ್ನು ಇನ್ವರ್ಟರ್ ಲೈನಿಂದ ತೆಗೆಸಿ ದೀಪ, ಫ್ಯಾನು ಮಾತ್ರ ಬಿಡುವುದು. ಬ್ಯಾಟರಿ ಹಾಲಿನ ಮೂಲೆಯಲ್ಲಿ ತೆರೆದಿದ್ದರೆ ಮುಚ್ಚಳದ ಟ್ರಾಲಿಯೊಳಗೆ ಸೇರಿಸಿ. ಅದರ 12 ವೋಲ್ಟು ಶಾಕ್ ಹೊಡೆಯುವುದಿಲ್ಲ, ಆದರೆ ಎರಡು ಟರ್ಮಿನಲ್ಲಿನ ಮೇಲೆ ಚಮಚ ಬಿದ್ದರೆ ಕಿಡಿ, ಒಳಗಿರುವುದು ಆಸಿಡ್ಡು.

ಎಲೆಕ್ಟ್ರಿಷಿಯನ್ ಬಂದಾಗಲೇ ಇನ್ನೊಂದನ್ನು ನೋಡಲು ಹೇಳಿ. ಅರ್ಥ್ ತೂತು ಮೇಲಿರುವಂತೆ ಸಾಕೆಟ್ಟನ್ನು ಎದುರಿನಿಂದ ನೋಡಿದರೆ ಬಲಗಡೆಯದು ಫೇಸ್ ಆಗಿರಬೇಕು, ಸ್ವಿಚ್ಚು ಕತ್ತರಿಸುವುದು ಆ ಫೇಸನ್ನೇ ಆಗಿರಬೇಕು. ಅವಸರದ ವೈರಿಂಗಿನಲ್ಲಿ ಇದು ಅದಲುಬದಲಾಗಿರುತ್ತದೆ. ಆಗ ಸ್ವಿಚ್ ಆಫ್ ಮಾಡಿದರೂ ತೂತಿನಲ್ಲಿ ಕರೆಂಟು ಇದ್ದೇ ಇರುತ್ತದೆ. "ಸ್ವಿಚ್ ಆಫ್ ಮಾಡಿದ್ದೇನೆ" ಎಂಬ ನಿಮ್ಮ ಧೈರ್ಯ ಆಗ ಬರೀ ಧೈರ್ಯ. ಅರ್ಥಿಂಗ್ ತೂತಿಗೆ ನಿಜವಾಗಿ ವೈರು ಬಂದಿದೆಯೇ ಎನ್ನುವುದನ್ನೂ ನೋಡಿಸಿ. ಗ್ರೈಂಡರೋ ಫ್ರಿಜ್ಜೋ ಬರಿಗಾಲಲ್ಲಿ ಮುಟ್ಟಿದಾಗ ಜುಮ್ ಅನ್ನುವ ಮನೆಯಲ್ಲಿ ಅದು ಬಂದಿರುವುದಿಲ್ಲ.

ಇನ್ನು ಗೋಡೆಯಿಂದ ಹೊರಗೆ ನೇತಾಡುವ ಸಾಮಾನು. 2023ರ ಆಗಸ್ಟ್‌ನಲ್ಲಿ ಕಾರವಾರ ತಾಲ್ಲೂಕಿನಲ್ಲಿ ಎಂಟು ತಿಂಗಳ ಕೂಸು ಚಾರ್ಜರಿನ ತುದಿಯನ್ನು ಬಾಯಿಗಿಟ್ಟು ತೀರಿಕೊಂಡ ಸುದ್ದಿ ನೀವೂ ಓದಿರುತ್ತೀರಿ. ಸರಿಯಿರುವ ಮಾಮೂಲಿ ಚಾರ್ಜರಿನ ತುದಿಯಲ್ಲಿ ಸುಮ್ಮನಿದ್ದಾಗ ಬರುವುದು ಬರೀ 5 ವೋಲ್ಟು. ಆದರೆ 230ನ್ನು 5ರಿಂದ ಬೇರೆ ಮಾಡಿ ಇಡುವುದು ಒಳಗಿನ ಪುಟ್ಟ ಟ್ರಾನ್ಸ್‌ಫಾರ್ಮರಿನ ಇನ್ಸುಲೇಶನ್ ಒಂದೇ. ಕಳಪೆ ಮಾಲಿನಲ್ಲಿ, ನೀರು ಬಿದ್ದದ್ದರಲ್ಲಿ, ಒಡೆದು ಟೇಪು ಸುತ್ತಿದ್ದರಲ್ಲಿ ಆ ಗೋಡೆ ಕುಸಿದರೆ 230 ನೇರ ಮಗುವಿನ ಬಾಯಿಗೆ. ಚಾರ್ಜರಿನ ಮೇಲೆ ಬಿಐಎಸ್ ಗುರುತೂ 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯೂ ಇದೆಯೇ ನೋಡಿ. ಫೋನ್ ತೆಗೆದ ಕೈಯಲ್ಲೇ ಚಾರ್ಜರನ್ನೂ ಕಿತ್ತು ಡ್ರಾಯರಿಗೆ ಹಾಕಿ. ಈ ಒಂದು ಅಭ್ಯಾಸಕ್ಕೆ ನಾನು ಎಲ್ಲ ಕ್ಯಾಪುಗಳಿಗಿಂತ ಹೆಚ್ಚು ಬೆಲೆ ಕೊಡುತ್ತೇನೆ.

ಸೊಳ್ಳೆ ಮೆಷಿನ್ನು ಮಂಚದ ಪಕ್ಕ ಕೆಳಗೇ ಇರುತ್ತದೆ. ಅದರಲ್ಲಿ ಎರಡು ಅಪಾಯ, ಕರೆಂಟು ಒಂದು, ಬಾಟಲಿಯ ದ್ರವ ಇನ್ನೊಂದು. ಆ ದ್ರವ ಸೀಮೆಎಣ್ಣೆಯ ಜಾತಿಯದು. ಮಗು ಕುಡಿದರೆ ವಾಂತಿ ಮಾಡಿಸಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಬಾಟಲಿ ಸಮೇತ ಆಸ್ಪತ್ರೆಗೆ ಹೋಗಿ. ಸೊಳ್ಳೆಪರದೆ ಕಟ್ಟಿದರೆ ಈ ರಗಳೆಯೇ ಇಲ್ಲ.

ಬಕೆಟ್ಟಿಗೆ ಹಾಕುವ ಹೀಟರ್ ರಾಡನ್ನು ಮಗುವಿಗೆ ತಿಳಿವಳಿಕೆ ಬರುವವರೆಗಾದರೂ ಅಟ್ಟಕ್ಕೆ ಏರಿಸಿಬಿಡಿ. ಶಾಕು, ಕುದಿನೀರು, ಎರಡನ್ನೂ ಒಂದೇ ಬಕೆಟ್ಟಿನಲ್ಲಿ ನೆಲದ ಮೇಲೆ ಇಡುವ ವಸ್ತು ಅದೊಂದೇ. ಬಕೆಟ್ಟಿನ ಮಾತು ಬಂತು, ತಣ್ಣೀರಾದರೂ ತುಂಬಿಟ್ಟು ಬಚ್ಚಲ ಬಾಗಿಲು ತೆರೆದಿಡಬೇಡಿ. ಈ ವಯಸ್ಸಿನ ಮಗುವಿಗೆ ತಲೆಯೇ ಭಾರ, ಬಗ್ಗಿ ಮುಗ್ಗರಿಸಿದರೆ ತಾನಾಗಿ ಏಳಲಾರದು.

ಎಕ್ಸ್‌ಟೆನ್ಷನ್ ಬಾಕ್ಸು ನೆಲದ ಮೇಲೆ ಬೇಡ, ಮೇಜಿನ ಹಿಂಭಾಗಕ್ಕೆ ಸ್ಕ್ರೂ ಹಾಕಿ ಕೂರಿಸಿ. ಕೆಟಲ್, ಇಸ್ತ್ರಿ ಪೆಟ್ಟಿಗೆ, ಎಲೆಕ್ಟ್ರಿಕ್ ಕುಕ್ಕರಿನ ವೈರು ಕಟ್ಟೆಯ ಅಂಚಿನಿಂದ ಇಳಿಬಿದ್ದಿರಬಾರದು. ರಿಮೋಟು, ಎಲ್‌ಇಡಿ ದೀಪ, ತೂಕದ ಯಂತ್ರಗಳಲ್ಲಿರುವ ಬಟನ್ ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ ಟೇಪು ಸುತ್ತಿ. ಇಲ್ಲಿ ಅತ್ತೆಯವರ ಟೇಪು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಆ ಸೆಲ್ಲು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಡುತ್ತದೆ. ನುಂಗಿರಬಹುದು ಎಂಬ ಅನುಮಾನ ಬಂದರೂ ಸಾಕು, "ನಾಳೆ ಹೊರಗೆ ಬರುತ್ತದೆ" ಎಂದು ಕಾಯದೆ ಎಕ್ಸ್‌ರೇ ಇರುವ ಆಸ್ಪತ್ರೆಗೆ ಹೋಗಿ.

ಶಾಕ್ ಹೊಡೆದೇಬಿಟ್ಟರೆ? ಮಗುವನ್ನು ಮುಟ್ಟುವ ಮೊದಲು ಮೇನ್ ಆಫ್ ಮಾಡಿ, ಇನ್ವರ್ಟರನ್ನೂ. ಮೇನ್ ಎಲ್ಲಿದೆ ಎಂದು ಮನೆಯ ಎಲ್ಲರಿಗೂ ಇವತ್ತೇ ತೋರಿಸಿ, ಮುಂದೆ ಅಕ್ಕಿ ಚೀಲ ಇಟ್ಟಿದ್ದರೆ ಸರಿಸಿ. ಆಫ್ ಮಾಡಲು ಆಗದೇ ಹೋದರೆ ಒಣ ಮರದ ಕೋಲಿಂದಲೋ ಪ್ಲಾಸ್ಟಿಕ್ ಕುರ್ಚಿಯಿಂದಲೋ ವೈರಿನಿಂದ ದೂಡಿ. ಉಸಿರು ಇಲ್ಲದಿದ್ದರೆ ಒಬ್ಬರು 108ಕ್ಕೆ ಫೋನ್ ಮಾಡುತ್ತಿರುವಾಗಲೇ ಇನ್ನೊಬ್ಬರು ಎದೆ ಒತ್ತಲು ಶುರು ಮಾಡಬೇಕು. ಮೂವತ್ತು ಸಲ ಒತ್ತಿ ಎರಡು ಸಲ ಬಾಯಿಂದ ಉಸಿರು, ನಿಮಿಷಕ್ಕೆ 100ರಿಂದ 120ರ ವೇಗ, ಎದೆಯ ಮೂರನೇ ಒಂದು ಭಾಗ ಆಳ. ವರ್ಷದೊಳಗಿನ ಕೂಸಿಗೆ ಎದೆಯನ್ನು ಎರಡೂ ಕೈಯಲ್ಲಿ ಬಳಸಿ ಹಿಡಿದು ಎರಡು ಹೆಬ್ಬೆರಳಲ್ಲಿ ಅಥವಾ ಒಂದು ಅಂಗೈಯ ಬುಡದಲ್ಲಿ, ಅದಕ್ಕಿಂತ ದೊಡ್ಡ ಮಕ್ಕಳಿಗೆ ಒಂದು ಅಂಗೈಯ ಬುಡದಲ್ಲಿ. ಇದು ಓದಿ ಬರುವಂಥದ್ದಲ್ಲ, ಮುಂದಿನ ಸಲ ಲಸಿಕೆಗೆ ಹೋದಾಗ ಮಕ್ಕಳ ಡಾಕ್ಟರನ್ನು ಕೇಳಿ ಕೈಯಲ್ಲಿ ಮಾಡಿ ಕಲಿಯಿರಿ. ಶಾಕ್ ಹೊಡೆದವರನ್ನು ಮಣ್ಣಿನಲ್ಲಿ ಹೂಳಿದರೆ ಕರೆಂಟು ಇಳಿಯುತ್ತದೆ ಎಂದು ನಂಬುವವರು ಇನ್ನೂ ಇದ್ದಾರೆ. ವೈರಿನಿಂದ ಬಿಡಿಸಿದ ಮೇಲೆ ಮೈಯಲ್ಲಿ ಇಳಿಯಲು ಕರೆಂಟೇ ಉಳಿದಿರುವುದಿಲ್ಲ, ಕಳೆಯುವುದು ಜೀವ ಉಳಿಸುವ ನಿಮಿಷಗಳು. ಸುಟ್ಟಿದ್ದರೆ ಕರೆಂಟು ಕಡಿದ ಮೇಲೆ ಇಪ್ಪತ್ತು ನಿಮಿಷ ಹರಿಯುವ ನೀರು, ಟೂತ್‌ಪೇಸ್ಟು, ಅರಿಶಿನ, ತುಪ್ಪ ಯಾವುದೂ ಬೇಡ.

ಮಗು ಅತ್ತು ಸುಮ್ಮನಾಗಿ ಆಡತೊಡಗಿದರೂ ಡಾಕ್ಟರಿಗೆ ತೋರಿಸಿ. ವೈರು ಕಚ್ಚಿ ತುಟಿಯ ಅಂಚು ಸುಟ್ಟಿದ್ದರಂತೂ ಮೇಲೆ ಚಿಕ್ಕ ಗಾಯ ಕಾಣುತ್ತದೆ, ಅಡಿಯಲ್ಲಿ ರಕ್ತನಾಳ ಬೆಂದಿರುತ್ತದೆ. ಐದರಿಂದ ಹದಿನಾಲ್ಕು ದಿನದ ನಡುವೆ ಹಕ್ಕಳೆ ಬೀಳುವಾಗ ಒಮ್ಮೆಲೇ ರಕ್ತ ಚಿಮ್ಮಬಹುದು, ಕೆಲವೊಮ್ಮೆ ನಿದ್ದೆಯಲ್ಲೇ. ಆ ದಿನಗಳಲ್ಲಿ ಮಗು ನಿಮ್ಮ ಪಕ್ಕದಲ್ಲೇ ಮಲಗಲಿ. ರಕ್ತ ಬಂದರೆ ತುಟಿಯನ್ನು ಒಳಗಿಂದ ಹೊರಗಿಂದ ಎರಡು ಬೆರಳಲ್ಲಿ ಒತ್ತಿ ಹಿಡಿದುಕೊಂಡೇ ಆಸ್ಪತ್ರೆಗೆ ಓಡಿ.

ದುಡ್ಡು ಒಂದೇ ಸಲ ಹೊಂದದಿದ್ದರೆ ಈ ತಿಂಗಳು ಆರ್‌ಸಿಸಿಬಿ, ಮುಂದಿನ ತಿಂಗಳು ಶಟರ್ ಸಾಕೆಟ್ಟು, ನಡುವಿನ ದಿನಗಳಿಗೆ ಪಾಯಿಂಟಿನ ಮುಂದೆ ಮಗು ಜರುಗಿಸಲಾರದಷ್ಟು ಭಾರದ ಬೀರು ಅಥವಾ ಸೋಫಾ. ನೀವು ತರಿಸಿದ ಕ್ಯಾಪುಗಳನ್ನು ವಾಪಸ್ ಕಳಿಸುವ ಗಡುವು ಇನ್ನೂ ಮುಗಿದಿರದಿದ್ದರೆ ಕಳಿಸಿಬಿಡಿ. ಮುಗಿದಿದ್ದರೆ ಕಸಕ್ಕೆ ಹಾಕಿ, ಆಟದ ಸಾಮಾನಿನ ಡಬ್ಬಿಯಲ್ಲಿ ಮಾತ್ರ ಇಡಬೇಡಿ. ಅಷ್ಟು ಸಣ್ಣದು ಮಗುವಿನ ಗಂಟಲಿಗೆ ಸರಿಯಾಗಿ ಕೂರುತ್ತದೆ.